ಏಳನೆಯ ಪಟ್ಟಿಯ ಹೆಟ್ಟಿ

ಲಂಡನ್ನಿನ ಹೆಂಗಸರು ಬರುವ ವರ್ಷ ಯಾವ ಬಣ್ಣ ತೊಡುತ್ತಾರೆ ಎಂಬುದು ಅವರಿಗಿಂತ ಮೊದಲು ನಮ್ಮ ಕಣಿವೆಯ ಬಾತುಕೋಳಿಗಳಿಗೆ ಗೊತ್ತಾಗುತ್ತಿತ್ತು. ಥಾರ್ನ್‌ಕ್ಲಫ್ ಗಿರಣಿಯ ಬಣ್ಣದ ಮನೆಯ ನೀರೆಲ್ಲ ಹೊಳೆಗೇ ಹೋಗುತ್ತಿದ್ದ ಕಾಲ ಅದು. ಹೊಳೆ ಪಾಚಿ ಹಸಿರಾಗಿ ಹರಿದರೆ ಒಂದೂವರೆ ವರ್ಷಕ್ಕೆ ಅಂಗಡಿಗಳ ಕಿಟಕಿಯಲ್ಲಿ ಪಾಚಿ ಹಸಿರಿನ ಕೋಟುಗಳು ನೇತಾಡುತ್ತಿದ್ದವು. ಫ್ಯಾಷನ್ ಪತ್ರಿಕೆಯವರು ಅದನ್ನು ಈ ಋತುವಿನ ಅಚ್ಚರಿ ಎಂದು ಕೊಂಡಾಡಿದಾಗ ನಾವು ನಗುತ್ತಿದ್ದೆವು. ಆ ಅಚ್ಚರಿಯಲ್ಲಿ ನಮ್ಮ ಬಾತುಗಳು ಈಜಿ ಈಜಿ ಬೇಸತ್ತು ಎಷ್ಟೋ ದಿನವಾಗಿರುತ್ತಿತ್ತು.

ಆ ಗಿರಣಿಯ ಮೇಲಟ್ಟದಲ್ಲಿ ಕೈಮಗ್ಗವೊಂದನ್ನು ಇಟ್ಟುಕೊಂಡು ಮಾದರಿ ನೇಯುತ್ತಿದ್ದವಳು ಹೆಟ್ಟಿ ಗಾರ್ಸೈಡ್. ಕೆಳಗೆ ನೂರು ಯಂತ್ರಮಗ್ಗಗಳು ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿದ್ದರೂ ಹೊಸ ಬಟ್ಟೆ ಮೊದಲು ಹುಟ್ಟುವುದು ಹೆಟ್ಟಿಯ ಮಗ್ಗದಲ್ಲೇ. ಆ ಕೋಣೆಯ ಕಿಟಕಿಗಳೆಲ್ಲ ಉತ್ತರಕ್ಕೆ. ಉತ್ತರದ ಬೆಳಕಿನಲ್ಲಿ ಮಾತ್ರ ಬಣ್ಣ ಸುಳ್ಳು ಹೇಳುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಒಂದು ಟೋಪಿ ಕೊಳ್ಳಬೇಕಾದರೂ ಅಂಗಡಿಯಿಂದ ಬೀದಿಗೆ ಬಂದು ಉತ್ತರ ಯಾವ ಕಡೆ ಎಂದು ಹುಡುಕುವವರು ನಾವು.

ನಾನು ಈನಿಡ್ ಲಮ್, ಪಕ್ಕದ ಕೋಣೆಯಲ್ಲಿ ಬಟ್ಟೆ ತಿದ್ದುವವಳು. ನೇಯ್ದು ಬಂದ ಉಣ್ಣೆಯ ಬಟ್ಟೆಯನ್ನು ಇಳಿಜಾರು ಮೇಜಿನ ಮೇಲೆ ಹಾಸಿಕೊಂಡು, ಬೆರಳಲ್ಲಿ ತಡವಿ, ಗಂಟು ಕಿತ್ತು, ತಪ್ಪಿದ ಎಳೆಯನ್ನು ಸೂಜಿಯಿಂದ ಸೇರಿಸುವುದು ನನ್ನ ಕೆಲಸ. ಊರವರ ತಪ್ಪು ಹುಡುಕಿ ಕೂಲಿ ಪಡೆಯುವವಳು ಎಂದು ನನ್ನ ಗಂಡ ಗೇಲಿ ಮಾಡುತ್ತಿದ್ದ. ಮನೆಯಲ್ಲಿ ಅದನ್ನೇ ಪುಕ್ಕಟೆಯಾಗಿ ಮಾಡುತ್ತೇನಲ್ಲ ಎಂಬ ಸಂಕಟ ಅವನಿಗೆ. ಆದರೆ ಹೆಟ್ಟಿಯ ಬಟ್ಟೆಯಲ್ಲಿ ನನಗೆ ಕೆಲಸವೇ ಇರುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವಳ ಒಂದೇ ಒಂದು ಎಳೆ ದಾರಿ ತಪ್ಪಿದ್ದನ್ನು ನಾನು ಕಾಣಲಿಲ್ಲ, ಕಂಡರೆ ಊರಿಗೆಲ್ಲ ಹೇಳುತ್ತಿದ್ದೆ.

ಅವಳು ನೇಯುತ್ತಿದ್ದುದಕ್ಕೆ ನಾವು ಕಂಬಳಿ ಎನ್ನುತ್ತಿದ್ದೆವು, ಯಾರೂ ಹೊದೆಯುವ ಕಂಬಳಿಯಲ್ಲ, ಕೊಳ್ಳುವವರಿಗೆ ತೋರಿಸುವ ಮಾದರಿ. ಉದ್ದಕ್ಕೆ ಹಾಯುವ ಹಾಸಿನಲ್ಲಿ ಎಂಟು ಬಣ್ಣಗಳ ಎಂಟು ಪಟ್ಟಿ, ಅಡ್ಡಕ್ಕೆ ಸೇರುವ ಹೊಕ್ಕಿನಲ್ಲೂ ಅದೇ ಎಂಟು ಬಣ್ಣ ಒಂದಾದ ಮೇಲೊಂದು. ಹೀಗೆ ಅರವತ್ತನಾಲ್ಕು ಚೌಕ. ಅದರಲ್ಲಿ ಎಂಟನ್ನು ಮಾತ್ರ ವಿನ್ಯಾಸಗಾರ ಮನಸ್ಸಿಟ್ಟು ಯೋಚಿಸಿರುತ್ತಾನೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಇಳಿಯುವ ಎಂಟನ್ನು. ಮಿಕ್ಕವು ಬಣ್ಣಗಳು ತಮ್ಮಷ್ಟಕ್ಕೆ ತಾವು ಅಡ್ಡಬಿದ್ದು ಹುಟ್ಟಿದವು. ಅವನ್ನು ನಾವು ಕರೆಯದೆ ಬಂದ ನೆಂಟರು ಎನ್ನುತ್ತಿದ್ದೆವು.

ಅರವತ್ತೊಂದನೆಯ ಇಸವಿಯ ಫೆಬ್ರವರಿಯಲ್ಲಿ ಮಾಲೀಕರು ಮಿಸ್ಟರ್ ಎಡ್ಗರ್ ಮೇಲಟ್ಟಕ್ಕೆ ಬಂದರು. ಅವರ ಮಾತು ಬಹಳ ಕಡಿಮೆ. ಹ್ಞೂಂ ಎಂಬ ಒಂದೇ ಶಬ್ದದಲ್ಲಿ ಸಂಸಾರ, ವ್ಯಾಪಾರ, ಪ್ರಾರ್ಥನೆ ಎಲ್ಲ ಸಾಗಿಸಿದವರು. ಅಂದು ಮಾತ್ರ ನಾಲ್ಕು ವಾಕ್ಯ ಆಡಿದರು. ಎರಡು ವರ್ಷದಿಂದ ನಮ್ಮ ಮಾದರಿಗಳನ್ನು ಯಾರೂ ಕೊಳ್ಳುತ್ತಿಲ್ಲ. ಈ ಸಲದ ಕಂಬಳಿಯೂ ಹೋಗದಿದ್ದರೆ ಕೈಮಗ್ಗ ಬಿಚ್ಚಿಸಿ ಗುಜರಿಗೆ ಕೊಡುವುದು. ಏಪ್ರಿಲ್ ಕೊನೆಯ ಶುಕ್ರವಾರಕ್ಕೆ ಆಳಿಗೆ ಹೇಳಿಯಾಗಿದೆ. ಹೆಟ್ಟಿ ತಿದ್ದುವ ಕೋಣೆಯಲ್ಲಿ ಕೂರಬಹುದು.

ಅವರು ಮೆಟ್ಟಿಲಿಳಿದ ಮೇಲೆ ಹೆಟ್ಟಿ ಮಗ್ಗದ ಹಲಗೆಯ ಮೇಲೆ ಕುಸಿದು ಕೂತಳು. ಅವಳು ಕೂರುವ ಜಾಗ ಸವೆದು ಹಲಗೆಯೇ ಗುಳಿಬಿದ್ದಿತ್ತು.

"ನಿನ್ನ ಪಕ್ಕ ಕೂತು ಬೇರೆಯವರ ತಪ್ಪು ಹೆಕ್ಕಬೇಕಾ ನಾನು? ಸತ್ತೇ ಹೋಗ್ತೀನಿ ಕಣೇ ಈನಿಡ್," ಎಂದಳು. ನನ್ನ ಪಕ್ಕ ಕೂರುವುದು ಸಾವಿಗೆ ಸಮವೇ ಎಂದು ಕೇಳಬೇಕೆನಿಸಿತು.

ಅದರ ಮೇಲೆ ನಮ್ಮ ವಿನ್ಯಾಸಗಾರ ಜೆರಾಲ್ಡ್ ಫೇನ್. ಲಂಡನ್ನಿನ ಕಾಲೇಜಿನಲ್ಲಿ ಓದಿ ಬಂದ ಹುಡುಗ, ಕುತ್ತಿಗೆಗೆ ಸದಾ ರೇಷ್ಮೆಯ ಕರವಸ್ತ್ರ. ಮುಂದಿನ ವರ್ಷದ ಚಳಿಗಾಲಕ್ಕೆ ಮಂಜೇ ಫ್ಯಾಷನ್ ಎಂದು ಅವನು ತೀರ್ಮಾನಿಸಿದ್ದ. ಬೂದಿ ಬೂದು, ಪಾರಿವಾಳದ ಬೂದು, ಸೀಸದ ಬೂದು, ಗಂಜಿಯ ಬಣ್ಣ, ಕಲ್ಲಿನ ಬಣ್ಣ. ತೀರಾ ಉಲ್ಲಾಸ ಬಂದಾಗ ನಮ್ಮ ಗುಡ್ಡದ ಜೌಗುಮಣ್ಣಿನ ಕಂದು. ಮಂಜು ನೋಡಲು ಲಂಡನ್ನಿಗೆ ಹೋಗಿ ಓದಬೇಕಾಗಿತ್ತೇ, ಕಿಟಕಿ ತೆರೆದರೆ ಸಾಕಿತ್ತಲ್ಲ ಎಂದು ತಿದ್ದುವ ಕೋಣೆಯಲ್ಲಿ ನಾವು ಆಡಿಕೊಂಡೆವು. ಹೊಳೆ ವಾರಗಟ್ಟಲೆ ಪಾತ್ರೆ ತೊಳೆದ ನೀರಿನಂತೆ ಹರಿಯಿತು.

ಇಂಥ ಬೂದು ಕಾಲದಲ್ಲೇ ಹೆಟ್ಟಿಗೆ ಪ್ರೀತಿ ಬಂದದ್ದು. ವಯಸ್ಸು ಐವತ್ತನಾಲ್ಕು. ಬಣ್ಣದ ಮನೆಯ ವಿಲ್ಫ್ರೆಡ್ ಹೇಗ್, ಐವತ್ತೆಂಟರ ವಿಧುರ, ವರ್ಷದಿಂದ ಅವಳ ಹಿಂದೆ ಸುತ್ತುತ್ತಿದ್ದ. ಸುತ್ತುವುದೆಂದರೆ, ತನ್ನ ತೋಟದಲ್ಲಿ ಮಡಕೆ ಕವುಚಿ ಕತ್ತಲಲ್ಲಿ ಬೆಳೆಸಿದ ರೂಬಾರ್ಬ್ ಎಂಬ ಹುಳಿ ದಂಟಿನ ಕಟ್ಟನ್ನು ಪ್ರತಿ ಗುರುವಾರ ಅವಳ ಮಗ್ಗದ ಮೇಲಿಟ್ಟು, ಒಂದು ಮಾತೂ ಆಡದೆ ಇಳಿದುಹೋಗುವುದು. ಹೆಟ್ಟಿ ಅದನ್ನು ಬೇಯಿಸಿದಳು, ಕಡುಬು ಮಾಡಿದಳು, ಜಾಮ್ ಮಾಡಿದಳು, ನಮಗೆಲ್ಲ ಹಂಚಿದಳು. ಅವರ ಪ್ರೇಮದಿಂದ ಇಡೀ ಮೇಲಟ್ಟದ ಹೊಟ್ಟೆ ಸಡಿಲಾಗಿತ್ತು.

ಮಾರ್ಚಿನ ಒಂದು ಸೋಮವಾರ ಅವನು ದಂಟು ತರಲಿಲ್ಲ, ಒಂದು ದೊಡ್ಡ ಕಟ್ಟು ಉಣ್ಣೆಯ ನೂಲು ತಂದ. ಆ ದಂಟಿನದೇ ಗುಲಾಬಿ ಬಣ್ಣ. ಬುಡದಲ್ಲಿ ಕೆನೆ, ಮೇಲೆ ಕೆಂಪು, ನಡುವೆ ಒಂದು ಜಾಗದಲ್ಲಿ ಕಣ್ಣು ನಗುವಂಥ ಬಣ್ಣವಿರುತ್ತದಲ್ಲ, ಅದು. ಪಾರಿವಾಳದ ಬೂದು ಹಾಕಬೇಕಾಗಿದ್ದ ಬೆಳಿಗ್ಗೆಯನ್ನೆಲ್ಲ ಇದಕ್ಕೆ ಸುರಿದಿದ್ದ. "ಹೆಣೆದು ತೊಟ್ಕೊ. ಮದುವೆ ದಿನಕ್ಕೆ," ಎಂದ. ಯಾರ ಮದುವೆ ಎಂದು ಹೆಟ್ಟಿ ಕೇಳಿದಳು. ನಮ್ಮಿಬ್ಬರದೇ ಎಂದು ಹೇಳಿ ಅವನು ಓಟ ಕಿತ್ತ. ಅಷ್ಟು ಭಾರದ ಮನುಷ್ಯ ಆ ಮೆಟ್ಟಿಲುಗಳನ್ನು ಅಷ್ಟು ಬೇಗ ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

ಆಮೇಲಿನ ಹೆಟ್ಟಿಯನ್ನು ನೀವು ನೋಡಬೇಕಿತ್ತು. ಕಾಲು ನೆಲದ ಮೇಲೆ ನಿಲ್ಲದು. ಚಹಾಕ್ಕೆ ಉಪ್ಪು ಹಾಕಿ ಕುಡಿದು, ಬಹಳ ಚೆನ್ನಾಗಿದೆ ಎಂದಳು. ಕೈಗೆ ಸಿಕ್ಕ ನೂಲನ್ನು ಸುಮ್ಮನೆ ಬಿಡಲಾರದೆ ರಾಟೆಗೆ ಹಾಕಿ ಬಾಬಿನ್‌ಗಳಿಗೆ ಸುತ್ತಿಯೂಬಿಟ್ಟಳು, ಸುತ್ತಿದರೆ ಹೇಗೆ ಕಾಣುತ್ತದೆಂದು ನೋಡಲಂತೆ. ಗೋಡೆಯ ಮೇಲೆ ಹಾಸಿನ ಎಂಟು ಬಣ್ಣಕ್ಕೆ ಎಂಟು ಸಾಲು ಗೂಟ. ಏಳನೆಯ ಸಾಲು ಖಾಲಿಯಿತ್ತು, ಪಾರಿವಾಳದ ಬೂದು ಇನ್ನೂ ಬಂದಿರಲಿಲ್ಲವಲ್ಲ. ಗುಲಾಬಿಯನ್ನು ಅಲ್ಲಿ ತೂಗುಹಾಕಿ ಕಣ್ತುಂಬ ನೋಡಿದಳು. ಮಂಗಳವಾರ ಬೂದು ಬಂತು, ಬಾಗಿಲ ಬಳಿ ಬುಟ್ಟಿಯಲ್ಲೇ ಉಳಿಯಿತು. ಹೆಟ್ಟಿ ಹಾಸು ಹಾಕತೊಡಗಿದಳು. ಮೂವತ್ತೊಂದು ವರ್ಷದ ಕೈ ಗೂಟದ ಸಾಲು ಎಣಿಸಿ ತಾನಾಗಿ ನೂಲು ತೆಗೆದುಕೊಳ್ಳುತ್ತದೆ, ಕಣ್ಣು ಬೇಕಿಲ್ಲ. ಕಣ್ಣು ಕೆಳಗೆ ಅಂಗಳದಲ್ಲಿತ್ತು. ಅಲ್ಲಿ ವಿಲ್ಫ್ರೆಡ್ ಬೇಕೆಂದೇ ಒಂದೇ ಕೈಗಾಡಿಯನ್ನು ಹತ್ತು ಸಲ ಆಚೆ ಈಚೆ ತಳ್ಳುತ್ತಿದ್ದ.

ಬುಧವಾರ ಮಧ್ಯಾಹ್ನ ಹಾಸನ್ನು ಮಗ್ಗಕ್ಕೆ ಏರಿಸುವಾಗ ಅವಳಿಗೆ ಗೊತ್ತಾಯಿತು. ನನ್ನನ್ನು ಕರೆದಳು. ಹೋಗಿ ನೋಡಿದರೆ ಏಳು ಪಟ್ಟಿ ಶವಸಂಸ್ಕಾರಕ್ಕೆ ಹೊರಟಂತಿವೆ, ನಡುವೆ ಒಂದು ಪಟ್ಟಿ ಮದುವೆಗೆ ಹೊರಟಿದೆ. ನಾನು ನಕ್ಕುಬಿಟ್ಟೆ, ಈಗಲೂ ಅದಕ್ಕೆ ನಾಚಿಕೆಯಿದೆ. ಶುಕ್ರವಾರ ಬೆಳಿಗ್ಗೆ ಲಂಡನ್ನಿನಿಂದ ಕೊಳ್ಳುವವರು ಬರುತ್ತಾರೆ. ಮತ್ತೆ ಹಾಸು ಹಾಕಲು ಎರಡು ದಿನ, ನೇಯಲು ಒಂದು ದಿನ. ಲೆಕ್ಕ ಎಲ್ಲಿಂದ ಹಿಡಿದರೂ ಕೂಡಲಿಲ್ಲ.

ಜೆರಾಲ್ಡ್ ಬಂದು ನೋಡಿ ಕರವಸ್ತ್ರ ಬಿಚ್ಚಿ ಹಣೆ ಒರೆಸಿಕೊಂಡ. ತನ್ನ ಮಂಜಿಗೆ ದಡಾರ ಎದ್ದಿದೆ ಎಂದು ಗೋಳಾಡಿದ. ಒಳ್ಳೆಯ ಹುಡುಗ, ಯಾರ ಮೇಲೂ ಕೂಗಲಿಲ್ಲ. ಹೊಕ್ಕಿಗೆ ಬುಟ್ಟಿಯಲ್ಲಿರುವ ಬೂದನ್ನೇ ಹಾಕಿ ನೇಯುವುದೆಲ್ಲ ನೇಯಿರಿ, ಕೊನೆಯ ಎರಡು ಪಟ್ಟಿಯನ್ನು ಹಿಂದಕ್ಕೆ ಮಡಚಿ ಹೊಲಿದುಬಿಡೋಣ, ಆರು ಪಟ್ಟಿಯನ್ನಷ್ಟೇ ತೋರಿಸೋಣ ಎಂಬ ಉಪಾಯ ಅವನದೇ. ಗುರುವಾರ ಸಂಜೆ ಮಡಚಿ ಹೊಲಿದವಳು ನಾನು. ಹೊಲಿಗೆ ಕಾಣದಂತೆ ಹೊಲಿದೆ, ಅದೇ ನನ್ನ ಕಸುಬು. ಮೂವರಿಗೂ ಸಮಾಧಾನವಾಯಿತು. ಮೂವರಲ್ಲಿ ಒಬ್ಬರಿಗಾದರೂ ಒಂದು ಮಾತು ಹೊಳೆಯಬೇಕಿತ್ತು: ಬಟ್ಟೆಯ ವ್ಯಾಪಾರದವರು ಯಾರಾದರೂ ಬಟ್ಟೆ ಕೈಗೆ ಬಂದೊಡನೆ ಮಾಡುವ ಮೊದಲ ಕೆಲಸವೇನು? ನನ್ನ ತಾಯಿ ಪಾದ್ರಿಯ ಕೈ ಕುಲುಕುವಾಗಲೂ ಅವರ ತೋಳಿನ ಅಂಚನ್ನು ಮಗುಚಿ ನೋಡುತ್ತಿದ್ದಳು.

ಶುಕ್ರವಾರ ಬಂದ ಮಿಸೆಸ್ ಪೆಲ್ ಎತ್ತರದ ಹೆಂಗಸು, ದೊಡ್ಡ ಕೋಟಿನ ಅಂಗಡಿಗಳಿಗೆ ಬಟ್ಟೆ ಆರಿಸುವವರು. ಅವರ ಒಂದು ತಲೆಯಾಡಿಸುವಿಕೆಗೆ ಎಷ್ಟೋ ಗಿರಣಿಗಳು ಕಾದು ಕೂತಿರುತ್ತಿದ್ದವು. ಮಿಸ್ಟರ್ ಎಡ್ಗರ್, ಜೆರಾಲ್ಡ್, ಹೆಟ್ಟಿ ಕಿಟಕಿಯ ಬಳಿ ನಿಂತಿದ್ದರು. ಕಂಬಳಿಯ ತುದಿ ಹಿಡಿಯಲು ನನ್ನನ್ನು ಕರೆದಿದ್ದರು. ಜೆರಾಲ್ಡ್ ಮಂಜಿನ ಮೇಲೆ ಭಾಷಣ ಮಾಡಿದ. ಮಿಸೆಸ್ ಪೆಲ್ ಆಕಳಿಕೆಯನ್ನು ಮೂಗಿನಲ್ಲೇ ನುಂಗಿಕೊಂಡರು, ಆಮೇಲೆ ಹೆಬ್ಬೆರಳು ತೋರುಬೆರಳಲ್ಲಿ ಅಂಚು ಹಿಡಿದು ಪಟ್ಟನೆ ಬಟ್ಟೆಯನ್ನು ಮಗುಚಿದರು.

ಗುಲಾಬಿ ಆ ಕೋಣೆಯ ತುಂಬ ಹರಡಿತು. ಅವರು ಬೆರಳು ತೂರಿಸಿ ಜಗ್ಗಿದರು, ನನ್ನ ಹೊಲಿಗೆ ಹರಿದ ಸದ್ದು ನನಗೆ ಮಾತ್ರ ಗುಡುಗಿನಂತೆ ಕೇಳಿಸಿತು.

"ಇದನ್ನ ಯಾಕೆ ಬಚ್ಚಿಟ್ಟಿದೀರ?" ಎಂದರು ಮಿಸೆಸ್ ಪೆಲ್.

ಅದು ತನ್ನ ತಪ್ಪು, ಮೂವತ್ತೊಂದು ವರ್ಷದಲ್ಲಿ ಮೊದಲನೆಯದು ಎಂದು ಹೆಟ್ಟಿ ಹೇಳಿದಳು. ಮಿಸೆಸ್ ಪೆಲ್ ಕೇಳಿಸಿಕೊಂಡಂತೆ ಕಾಣಲಿಲ್ಲ. ಕಂಬಳಿಯನ್ನು ನೆಲದ ಮೇಲೆ ಹಾಸಿಸಿ, ಬೂಟು ಬಿಚ್ಚಿ, ಕಾಲುಚೀಲದಲ್ಲೇ ಅದರ ಮೇಲೆಲ್ಲ ನಡೆದರು. ಹಾಸಿನ ಗುಲಾಬಿಗೆ ಹೊಕ್ಕಿನ ಜೌಗುಮಣ್ಣಿನ ಕಂದು ಕೂಡಿದ ಚೌಕದ ಹತ್ತಿರ ನಿಂತರು. ಅದು ಕಂದೂ ಅಲ್ಲ, ಗುಲಾಬಿಯೂ ಅಲ್ಲ. ಬೆಂಕಿಯ ಮುಂದೆ ಕೂತ ಕೆನ್ನೆಯ ಹಾಗೆ ಒಳಗಿನಿಂದ ಬೆಚ್ಚಗಿತ್ತು. ಅರವತ್ತನಾಲ್ಕರಲ್ಲಿ ಕರೆಯದೆ ಬಂದ ಒಬ್ಬ ನೆಂಟ.

ಇದನ್ನು ಕೊಳ್ಳುತ್ತೇನೆ ಎಂದರು. ಆದರೆ ಗುಲಾಬಿ ಸ್ವಲ್ಪ ಮುಂದೆ ನುಗ್ಗುತ್ತದೆ, ನವೆಂಬರ್ ಚಳಿಯಲ್ಲಿ ಲಂಡನ್ನಿನವರು ಹೆದರಿಕೊಳ್ಳುತ್ತಾರೆ. ಅದಕ್ಕೆ ಒಂದಿಷ್ಟು ಬೂದು ಬೆರೆಸಿ ತಣ್ಣಗೆ ಮಾಡಿದರೆ ಆಯಿತು. ಅವರು ಮುಗಿಸುವ ಮೊದಲೇ ಮಿಸ್ಟರ್ ಎಡ್ಗರ್ ಹ್ಞೂಂ ಎಂದಿದ್ದರು. ಜೆರಾಲ್ಡ್ ಎರಡು ಸಲ ತಲೆಯಾಡಿಸಿದ. ಮಗ್ಗ ಉಳಿಯಿತು ಎಂದು ನಾನು ಮನಸ್ಸಿನಲ್ಲೇ ಕುಣಿದೆ.

"ಆಗಲ್ಲ," ಎಂದಳು ಹೆಟ್ಟಿ.

ಮಾಲೀಕರ ಎದುರು ಅವಳು ಎಂದೂ ತುಟಿ ಬಿಚ್ಚಿದವಳಲ್ಲ. ಈಗ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅವಳು ಗುಲಾಬಿಯ ನಾಲ್ಕು ಎಳೆ, ಬೂದಿನ ಎರಡು ಎಳೆ ಸೇರಿಸಿ ಬೆರಳಲ್ಲಿ ಹುರಿಮಾಡಿ, ಕಂದು ನೂಲಿನ ಮೇಲಿಟ್ಟು ಕಿಟಕಿಗೆ ಹಿಡಿದಳು.

"ನೋಡಿ. ಕೆಸರು. ಗುಲಾಬಿಗೆ ಧೈರ್ಯ ಇದ್ದದ್ದಕ್ಕೇ ಆ ಕಂದು ಮುಖ ಎತ್ಕೊಂಡು ನಿಂತಿರೋದು. ಧೈರ್ಯ ತೆಗೆದ್ರೆ ಎರಡೂ ಮಲಗ್ತವೆ. ಮಲಗಿರೋವು ಬೇಕಂದ್ರೆ ಐವತ್ತಾರು ಇವೆ ಇಲ್ಲಿ, ತಗೊಂಡು ಹೋಗಿ."

ಮಿಸ್ಟರ್ ಎಡ್ಗರ್ ಮುಖ ಸೀಸದ ಬೂದಾಯಿತು. ಮಿಸೆಸ್ ಪೆಲ್ ಹೆಟ್ಟಿಯನ್ನು, ಅವಳ ನೀಲಿ ಮೇಲಂಗಿಯನ್ನು, ನರೆತ ಕೂದಲನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮ ವಯಸ್ಸಿಗೆ ನೀವು ತೊಡ್ತೀರಾ ಈ ಬಣ್ಣಾನ?"

"ಬರೋ ತಿಂಗಳು ಮದುವೆ ಆಗ್ತಾ ಇದೀನಿ, ಇದನ್ನ ತೊಟ್ಕೊಂಡೇ. ನೂಲೆಲ್ಲಾ ನಿಮ್ಮ ಕಾಲ ಕೆಳಗಿದೆ ನೋಡಿ," ಎಂದಳು ಹೆಟ್ಟಿ.

ಮಿಸೆಸ್ ಪೆಲ್ ಕೆಳಗೆ ನೋಡಿಕೊಂಡರು. ಗುಲಾಬಿಯ ಮೇಲೆ ಕಾಲುಚೀಲದಲ್ಲಿ ನಿಂತಿದ್ದರು. ಒಮ್ಮೆಲೇ ಅವರಿಗೆ ನಗು ಬಂತು, ಅಂಥ ದೊಡ್ಡ ಹೆಂಗಸಿಗೆ ಅಂಥ ಕೀಚಲು ನಗು. ಅದು ಹೆಟ್ಟಿಗೆ ಅಂಟಿತು, ನನಗಂಟಿತು, ಜೆರಾಲ್ಡ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಬಣ್ಣ ಇದ್ದಂತೆಯೇ ಇರಲಿ ಎಂದು ಹೇಳಿ ನಲವತ್ತು ಥಾನು ಬರೆಸಿ ಹೋದರು.

ಇನ್ನು ಮಗ್ಗದ ವಿಷಯ ಮಿಸ್ಟರ್ ಎಡ್ಗರ್ ಹೇಳಬೇಕಿತ್ತು. ಹೇಳಲಿಲ್ಲ. ಒಂದು ವಾರ, ಎರಡು ವಾರ. ಮಾಲೀಕರ ಎದುರು ಹಾಗೆ ಮಾತಾಡಿದ್ದಕ್ಕೆ ಅವರಿಗೆ ಕೋಪವೋ, ಮರೆವೋ, ಕೇಳುವ ಧೈರ್ಯ ಯಾರಿಗೂ ಇಲ್ಲ. ನಲವತ್ತು ಥಾನು ನೇಯುವುದು ಕೆಳಗಿನ ಯಂತ್ರಗಳು, ಕೈಮಗ್ಗ ಇನ್ನೇಕೆ ಎಂದು ಅವರು ಲೆಕ್ಕ ಹಾಕಿರಬಹುದು ಎಂದು ಕೆಲವರೆಂದರು. ಹೆಟ್ಟಿ ಹಗಲೆಲ್ಲ ಹಾಡುತ್ತಿದ್ದಳು. ಮೆಟ್ಟಿಲ ಮೇಲೆ ಗಂಡಸಿನ ಹೆಜ್ಜೆ ಕೇಳಿದರೆ ಹಾಡು ನಡುವೆಯೇ ನಿಲ್ಲುತ್ತಿತ್ತು. ವಿಲ್ಫ್ರೆಡ್ ಮಾತ್ರ ಖುಷಿಯ ಮುದ್ದೆ. ಅಷ್ಟೂ ನೂಲಿಗೆ ಅವನೇ ಗುಲಾಬಿ ಬಣ್ಣ ಹಾಕಿ ಎರಡು ಕೈಯೂ ಮೊಣಕೈವರೆಗೆ ಗುಲಾಬಿಯಾಗಿದ್ದವು. ಎಷ್ಟು ಉಜ್ಜಿದರೂ ಹೋಗಲೊಲ್ಲದು. ಹೊಳೆಯಲ್ಲಿ ಬಾತುಗಳ ಹೊಟ್ಟೆಯೂ ಗುಲಾಬಿ.

ಏಪ್ರಿಲ್ ಕೊನೆಯ ಶುಕ್ರವಾರ ಬಂತು. ಮರುದಿನ ಹೆಟ್ಟಿಯ ಮದುವೆ. ನಮ್ಮ ಗಿರಣಿಗಳಲ್ಲಿ ಮದುಮಗಳನ್ನು ಸುಮ್ಮನೆ ಮನೆಗೆ ಕಳಿಸುವ ಪದ್ಧತಿಯಿಲ್ಲ. ಕೆಲಸದ ಕೊನೆಯ ಗಂಟೆಯಲ್ಲಿ ಹೆಂಗಸರೆಲ್ಲ ಹಿಡಿದು ಸಿಂಗರಿಸಿ, ಗೇಟಿನ ಕಂಬಕ್ಕೆ ಕಟ್ಟಿಹಾಕಿ, ಊರೆಲ್ಲ ನೋಡುವಂತೆ ಮಾಡಬೇಕು. ಸೈರನ್ ಕೂಗುವವರೆಗೆ ಬಿಚ್ಚಬಾರದು. ಸಾಮಾನ್ಯವಾಗಿ ಇಪ್ಪತ್ತರ ಹುಡುಗಿಯರು ಸಿಕ್ಕುತ್ತಿದ್ದರು, ಐವತ್ತನಾಲ್ಕರ ಮದುಮಗಳು ನಮಗೂ ಹೊಸಬಳು. ನೇಯುವವರು, ಸುತ್ತುವವರು, ತಿದ್ದುವವರು ನಲವತ್ತು ಜನ ಮೇಲಟ್ಟಕ್ಕೆ ನುಗ್ಗಿದೆವು. ಬಾಬಿನ್‌ಗಳ ಹಾರ ಹಾಕಿದೆವು. ಹಳೆಯ ಟೋಪಿಗೆ ಜೆರಾಲ್ಡ್ ತಾನೇ ಕತ್ತರಿಸಿದ ಕಾಗದದ ಹೂ, ಬೆನ್ನಿಗೆ ಮಗುವಿನ ಹಾಲಿನ ಬಾಟಲಿ. ಐವತ್ತನಾಲ್ಕಕ್ಕೆ ಬಾಟಲಿ ಯಾತಕ್ರೇ ಎಂದು ಹೆಟ್ಟಿ ಚೀರಿದಳು, ವಿಲ್ಫ್ರೆಡ್ ಕುಡೀತಾನೆ ಬಿಡು ಎಂದರು ಯಾರೋ.

ಅಷ್ಟರಲ್ಲಿ ಕಿಟಕಿಯಿಂದ ನಾನು ಕಂಡೆ: ಅಂಗಳದಲ್ಲಿ ಒಂದು ಗಾಡಿ, ಗರಗಸ ಸುತ್ತಿಗೆಗಳ ಚೀಲ ಹೊತ್ತ ಒಬ್ಬ ಮನುಷ್ಯ, ಪಕ್ಕದಲ್ಲಿ ಮಿಸ್ಟರ್ ಎಡ್ಗರ್. ಮಗ್ಗ ಬಿಚ್ಚುವ ಆಳು ಹೇಳಿದ ದಿನಕ್ಕೆ ಸರಿಯಾಗಿ ಬಂದಿದ್ದ.

ಗೇಟಿಗೆ ಎಳೆದೊಯ್ಯಲು ಎಲ್ಲರೂ ಹೆಟ್ಟಿಯ ಕೈ ಹಿಡಿದಿದ್ದರು. ನಾನು ಅಡ್ಡ ನಿಂತೆ. "ಗೇಟಿಗೆ ಬೇಡ ಕಣ್ರೇ. ಮಗ್ಗಕ್ಕೆ ಕಟ್ಟಿ," ಎಂದೆ. ಎಲ್ಲರೂ ಕಿಟಕಿಯತ್ತ ಒಮ್ಮೆ ನೋಡಿದರು, ಅಷ್ಟೇ. ಅವಳನ್ನು ಹಲಗೆಯ ಮೇಲೆ ಕೂರಿಸಿ, ಸೊಂಟ, ತೋಳು, ಕಾಲು ಎಲ್ಲವನ್ನೂ ಉಳಿಕೆ ನೂಲಿನಿಂದ ಮಗ್ಗದ ಕಂಬಗಳಿಗೆ ಸುತ್ತಿ ಸುತ್ತಿ ಕಟ್ಟಿದೆವು.

ಮಿಸ್ಟರ್ ಎಡ್ಗರ್ ಬಾಗಿಲಲ್ಲಿ ಬಂದು ನಿಂತರು. ಹಿಂದೆ ಆ ಆಳು. ಅವರು ಮಗ್ಗ ನೋಡಿದರು, ಟೋಪಿ ನೋಡಿದರು, ಬಾಟಲಿ ನೋಡಿದರು.

"ಸೈರನ್ ಆಗೋತನಕ ಬಿಚ್ಚೋ ಹಾಗಿಲ್ಲ, ಮಿಸ್ಟರ್ ಎಡ್ಗರ್. ಪದ್ಧತಿ," ಎಂದೆ.

ಅವರು ನಡೆದು ಬಂದು ಹೆಟ್ಟಿಯ ಬಲಗೈ ಮಣಿಕಟ್ಟಿನ ಕಟ್ಟನ್ನು ಹಿಡಿದು ಜಗ್ಗಿ ನೋಡಿದರು. ಅದು ಜಾರಿತು. ಹೆಟ್ಟಿ ಕಣ್ಣು ಮುಚ್ಚಿಕೊಂಡಳು.

"ತಿದ್ದೋ ಕೆಲಸದವಳು ಇಂಥ ಗಂಟು ಹಾಕ್ತೀಯಾ ಈನಿಡ್?" ಎಂದರು. ಬಗ್ಗಿ ನೆಲದಿಂದ ಒಂದು ತುಂಡು ನೂಲು ಹೆಕ್ಕಿ, ಅವಳ ಮಣಿಕಟ್ಟನ್ನು ಮಗ್ಗದ ತೊಲೆಗೆ ಸೇರಿಸಿ ಎರಡು ಸುತ್ತು ಸುತ್ತಿದರು. ಅವರ ಅಜ್ಜ ನೇಯ್ಗೆಯವನಾಗಿದ್ದನಂತೆ, ಗಂಟು ಹಾಕುವಾಗ ಗೊತ್ತಾಯಿತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಆಳಿಗೆ, ಚಹಾ ಕುಡಿದು ಹೋಗು, ಇಲ್ಲಿ ಬಿಚ್ಚುವಂಥದ್ದು ಏನೂ ಇಲ್ಲ ಎಂದರು.

ಹೆಟ್ಟಿ ಅತ್ತಳು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ನಾವು ಯಾರೂ ಬಿಚ್ಚಲೂ ಇಲ್ಲ. ಎಲ್ಲರೂ ಅವಳ ಸುತ್ತ ನಿಂತು ನಮ್ಮ ಮೇಲಂಗಿಗಳ ತುದಿಯಿಂದ ಸರದಿಯ ಮೇಲೆ ಅವಳ ಮುಖ ಒರೆಸಿದೆವು.